ಪಂಪ್‌ಸೆಟ್ ಪಕ್ಕ ನಲವತ್ತು ಕಿಲೋಮೀಟರ್ ಆಳ

ಚಳ್ಳಕೆರೆ ಕಡೆ ಹೊಲದಲ್ಲಿ ಗುಂಡಿ ತೋಡುತ್ತಿದ್ದರೆ ಜನ ಕೇಳುವುದು ಎರಡೇ ಪ್ರಶ್ನೆ. ನೀರಾ? ಬಂಗಾರಾನಾ? ಎರಡೂ ಅಲ್ಲ, 40 ಕಿಲೋಮೀಟರ್ ಕೆಳಗೆ ಕಲ್ಲು ಹೇಗಿದೆ ಅಂತ ನೋಡ್ತಿದ್ದೀವಿ ಅಂದರೆ ನಗುತ್ತಾರೆ. ಗುಂಡಿ ಇರುವುದು ಮೊಣಕಾಲುದ್ದ, ಅಲ್ವಾ.

ಮಾಡುತ್ತಿದ್ದದ್ದು ಮ್ಯಾಗ್ನೆಟೋಟೆಲ್ಯೂರಿಕ್ ಸರ್ವೆ, ನಮ್ಮ ಬಾಯಲ್ಲಿ ಎಂಟಿ. ಇದರಲ್ಲಿ ನೆಲಕ್ಕೆ ನಾವೇನೂ ಕರೆಂಟ್ ಬಿಡುವುದಿಲ್ಲ. ಎಲ್ಲೋ ದೂರ ಹೊಡೆಯುವ ಸಿಡಿಲು, ಸೂರ್ಯನಿಂದ ಬೀಸುವ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಸದಾ ಅಲ್ಲಾಡಿಸುತ್ತಿರುತ್ತವೆ. ಆ ಅಲ್ಲಾಟಕ್ಕೆ ನೆಲದೊಳಗೆ ಸಣ್ಣ ಕರೆಂಟ್ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಅಳೆಯುತ್ತೇವೆ. ಅಲೆ ನಿಧಾನವಾದಷ್ಟೂ ಆಳಕ್ಕೆ ಇಳಿಯುತ್ತದೆ: 1,000 ಓಮ್-ಮೀಟರ್ (ಕರೆಂಟಿಗೆ ಕಲ್ಲು ಒಡ್ಡುವ ತಡೆಯ ಅಳತೆ) ಕಲ್ಲಿನಲ್ಲಿ ಒಂದು ಸುತ್ತಿಗೆ 1 ಸೆಕೆಂಡ್ ಹಿಡಿಯುವ ಅಲೆ ಸುಮಾರು 16 ಕಿಲೋಮೀಟರ್, 10 ಸೆಕೆಂಡಿನದು ಸುಮಾರು 50. ಒಣ ಗ್ರಾನೈಟ್‌ನಲ್ಲಿ ಕರೆಂಟ್ ಸುಲಭಕ್ಕೆ ಹರಿಯಲ್ಲ. ಗ್ರಾಫೈಟೋ, ಉಪ್ಪುನೀರೋ, ಸಲ್ಫೈಡೋ ಇದ್ದರೆ ಹರಿಯುತ್ತದೆ.

ಜಾಸ್ತಿ ಹೊತ್ತು ಹಿಡಿಯುವುದು ಗುಂಡಿಯ ಕೆಲಸವೇ. ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ 80 ಮೀಟರ್ ವೈರ್, ತುದಿಗಳಲ್ಲಿ ಸೀಸದ ಎಲೆಕ್ಟ್ರೋಡ್. ಅದರ ಕೆಳಗೆ ಬೆಂಟೋನೈಟ್ ಮಣ್ಣನ್ನು ಉಪ್ಪುನೀರಲ್ಲಿ ಕಲಸಿ ಹಾಕಬೇಕು, ಇಡ್ಲಿ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ತೆಳು. ವೈರ್ ಮೇಲೆ ಹೆಜ್ಜೆಗೊಂದು ಹಿಡಿ ಮಣ್ಣು. ಚಿತ್ರದುರ್ಗದ ಗಾಳಿ ಕೇಳಬೇಕಾ, ಗುಡ್ಡದ ತುಂಬ ಗಾಳಿಯಂತ್ರಗಳೇ ನಿಂತಿವೆ. ವೈರ್ ಅಲುಗಾಡಿದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಅದೇ ಒಂದು ಪುಟ್ಟ ಡೈನಮೊ. ಕಾಂತಕ್ಷೇತ್ರದ ಅಲ್ಲಾಟ ಅಳೆಯುವ ಮೂರು ಕಾಯಿಲ್‌ಗಳನ್ನೂ ಮಟ್ಟ ನೋಡಿ ಹೂತೆವು.

ಬೆಳಿಗ್ಗೆ ಡೇಟಾ ತೆರೆದರೆ ರಾತ್ರಿ 11ರಿಂದ ಬರೀ ಗಲಾಟೆ. ಕರೆಂಟ್ ಲೈನಿನ 50 ಹರ್ಟ್ಸ್ ಗೆರೆ ಎದ್ದಿತ್ತು, ಅದನ್ನು ಫಿಲ್ಟರ್ ಮಾಡಬಹುದು. ನಿಜವಾದ ಕಾಟ ನಡುನಡುವೆ ಸಿಗ್ನಲ್ ದಿಢೀರ್ ಏರಿಳಿದು ಮೂಡಿದ ಮೆಟ್ಟಿಲುಗಳದ್ದು. ಸುತ್ತ ಹುಡುಕಿದರೆ 200 ಮೀಟರ್ ಆಚೆ ಬೋರ್‌ವೆಲ್, ಆಟೋ ಸ್ಟಾರ್ಟರ್. ತ್ರೀಫೇಸ್ ಬರುವುದೇ ರಾತ್ರಿ. ಬಂದಾಗೆಲ್ಲ ಪಂಪ್ ತಾನೇ ಆನ್ ಆಗುತ್ತದೆ, ಹೋದಾಗ ಆಫ್. ಹಗಲಲ್ಲಿ ಜಾಗ ನೋಡಿ ಹೋಗಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ದೂರದ ಇನ್ನೊಂದು ಸ್ಟೇಷನ್ನಿನ ಡೇಟಾ ಇಟ್ಟುಕೊಂಡು ಇಂಥ ಗದ್ದಲ ಕಳೆಯಬಹುದು. ನಮ್ಮ ಎರಡನೇ ಯಂತ್ರ ರಿಪೇರಿಗೆ ಹೋಗಿತ್ತು.

ಒಂದು ರಾತ್ರಿ ಪಂಪ್ ನಿಲ್ಲಿಸ್ತೀರಾ ಅಂತ ಬೋರ್‌ವೆಲ್‌ನ ರೈತರನ್ನು ಸುಮ್ನೆ ಕೇಳಿ ನೋಡಿದೆ. "ನೀರಿಲ್ದಿದ್ರೆ ಈರುಳ್ಳಿ ಒಣಗುತ್ತೆ ಸ್ವಾಮಿ. ನಿಮ್ ಕಲ್ಲು ನಾಳೆನೂ ಅಲ್ಲೇ ಇರುತ್ತೆ," ಅಂದರು. ವಾದ ಮಾಡೋಕೆ ಏನಿದೆ?

ಎಲ್ಲಾ ಕಿತ್ತು 3 ಕಿಲೋಮೀಟರ್ ಆಚೆಯ ಗೋಮಾಳಕ್ಕೆ ಹೋದೆವು. ಮತ್ತೆ ಗುಂಡಿ, ಮತ್ತೆ ಕಲಸು. ಎರಡು ರಾತ್ರಿ ಬಿಟ್ಟು ನೋಡಿದರೆ, ಅಲೆಯ ಅವಧಿಗೆ ತಕ್ಕಂತೆ ಕಲ್ಲಿನ ತಡೆ ತೋರಿಸುವ ಕರ್ವ್ ನೂರಾರು ಸೆಕೆಂಡಿನವರೆಗೂ ನುಣ್ಣಗೆ ಹರಿದಿತ್ತು. 1 ಸೆಕೆಂಡಿನ ಆಸುಪಾಸು ಮಾತ್ರ ಚುಕ್ಕೆಗಳು ಚೆಲ್ಲಾಪಿಲ್ಲಿ. ಅಲ್ಲಿ ಪ್ರಕೃತಿಯ ಸಿಗ್ನಲ್ಲೇ ಸಣಕಲು, ಅದಕ್ಕೆ ಪಂಪ್‌ನ ಬೈಯೋ ಹಾಗಿರಲಿಲ್ಲ.