ಮೀನುಪೇಟೆಯಲ್ಲಿ ಶುರುವಾದ ಇಂಟರ್ನ್‌ಶಿಪ್

ಕುಮಟಾದ ನನ್ನ ಚಿಕ್ಕ ಆರ್ಕಿಟೆಕ್ಟ್ ಕಚೇರಿಗೆ ತರಬೇತಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಬಂಗಲೆ, ರೆಸಾರ್ಟುಗಳ ಮೇಲೆ ಕಣ್ಣು. ಕಳೆದ ವರ್ಷ ಬಂದ ಹುಡುಗಿ ಮಾತ್ರ, ಊರವರ ಜೊತೆ ಕೂತು ಮಾಡುವ ವಿನ್ಯಾಸ ಕಲಿಯಬೇಕು ಎಂದು ಮೊದಲ ಪತ್ರದಲ್ಲೇ ಬರೆದಿದ್ದಳು. ಐದು ವರ್ಷದ ಬಿ.ಆರ್ಕ್‌ನಲ್ಲಿ ಇಂಥ ತರಬೇತಿಗೆ ಸಿಗುವುದು ಒಂದು ಸೆಮಿಸ್ಟರ್. ಅಷ್ಟರೊಳಗೆ ಜನ ಅವಳೊಡನೆ ಬಾಯಿಬಿಟ್ಟು ಮಾತಾಡಬೇಕಾದರೆ, ಅವಳನ್ನು ಯಾರ ಮುಂದೆ, ಏನೆಂದು ಪರಿಚಯಿಸಬೇಕು? ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಆಗ ನಮ್ಮ ಕೈಯಲ್ಲಿದ್ದದ್ದು ಅಘನಾಶಿನಿ ಅಳಿವೆಯ ಹತ್ತಿರದ ಹಳ್ಳಿಯೊಂದರ ಮೀನುಪೇಟೆಗೆ ಮಾಡು (ಚಾವಣಿ) ಹಾಕುವ ಕೆಲಸ. ಪಂಚಾಯ್ತಿ ಸಭೆಯಲ್ಲಿ ಪರಿಚಯ ಮಾಡಿಸಬಹುದಿತ್ತು. ಆದರೆ ಅಲ್ಲಿಂದ ಹೋದರೆ ಅವಳು ಸರಕಾರದ ಕಡೆಯವಳಾಗುತ್ತಾಳೆ. ಅಹವಾಲು ಬರುತ್ತದೆ, ಮಾತು ಬರುವುದಿಲ್ಲ. ಅದಕ್ಕೆ ಪೇಟೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಮೀನು ಮಾರುವ ಅಮ್ಮನ ಬಳಿಗೇ ಕರೆದುಕೊಂಡು ಹೋದೆ. "ಇವಳು ಕಾಲೇಜು ಹುಡುಗಿ, ನಿಮ್ಮ ಹತ್ತಿರ ಕಲಿಯೂಕೆ ಬಂದದ್ದು. ಕಟ್ಟಿಕೊಡ್ತೇನೆ ಅಂತ ಇವಳು ಹೇಳೂದಿಲ್ಲ, ನೀವೂ ಕೇಳಬೇಡಿ" ಎಂದೆ. ಅಳತೆ ತೆಗೆದುಕೊಂಡು ಹೋಗಿ ಮತ್ತೆ ಮುಖ ತೋರಿಸದವರನ್ನು ನಮ್ಮ ಕರಾವಳಿ ಬಹಳ ಕಂಡಿದೆ. ಕೈಲಾಗದ್ದನ್ನು ಮಾಡಿಕೊಡುತ್ತೇನೆಂದು ಮಾತು ಕೊಟ್ಟು ಬರುವ ವಿದ್ಯಾರ್ಥಿ ತನ್ನ ಹಿಂದೆ ಬರುವವರ ದಾರಿಯನ್ನೂ ಮುಚ್ಚುತ್ತಾಳೆ.

ಮೊದಮೊದಲು ಅಳತೆಯ ಟೇಪೂ ಬೇಡ, ಕ್ಯಾಮರಾವೂ ಬೇಡ ಎಂದಿದ್ದೆ. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಹೋಗಿ, ಬುಟ್ಟಿ ಇಳಿಸಲು ಕೈ ಕೊಟ್ಟು, ಸುಮ್ಮನೆ ಕೂರುವುದು. ಸಂಜೆ ಕಚೇರಿಯಲ್ಲಿ ಕಂಡದ್ದನ್ನು ಬರೆಯುವುದು. ಅವಳ ಪುಸ್ತಕದಲ್ಲಿ ಸಿಕ್ಕಿದ್ದು ನಕ್ಷೆಯಲ್ಲಿ ಎಂದೂ ಕಾಣದ ಸಂಗತಿಗಳು. ಮಂಜುಗಡ್ಡೆ ಕರಗಿದ ನೀರು ಯಾರ ಕಾಲಡಿಗೆ ಹರಿಯುತ್ತದೆ, ಮೀನು ಕೊಯ್ಯುವ ಮೆಟ್ಟುಗತ್ತಿಯ ಪಕ್ಕ ಎಷ್ಟು ಜಾಗ ಬೇಕು, ಹೆಂಗಸರು ಶೌಚಕ್ಕೆ ಎಷ್ಟು ದೂರ ನಡೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಲ್ಲ, ಆಗ ಇದೇ ಪೇಟೆಯಲ್ಲಿ ಒಣಮೀನಿನ ವ್ಯಾಪಾರ. ಒಣಮೀನಿಗೆ ತೇವ ತಾಗಬಾರದು. ನೈಋತ್ಯದಿಂದ ಗಾಳಿಮಳೆ ಅಡ್ಡಡ್ಡ ಹೊಡೆಯುವಾಗ ತಲೆಯ ಮೇಲೊಂದು ಶೀಟು ಇದ್ದು ಏನು ಪ್ರಯೋಜನ? ಆ ಬದಿಗೆ ಚಿರೆಕಲ್ಲಿನ ಗೋಡೆಯೂ ಕೆಳಗಿಳಿದ ಸೂರೂ ಬೇಕೆಂದು ಅವಳೇ ಹೇಳಿದಳು. ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುವುದರಿಂದ ಹೆಂಚನ್ನೇ ಆರಿಸಿದೆವು.

ಇದಾದ ಮೇಲೇ ಅಳತೆ ಶುರು. ಕಾಗದದ ಮೇಲಿನ ಪ್ಲಾನ್ ಎಲ್ಲರಿಗೂ ಓದಲು ಬರುವುದಿಲ್ಲ. ಹಾಗಾಗಿ ವ್ಯಾಪಾರ ಮುಗಿದ ಮಧ್ಯಾಹ್ನ ಸುಣ್ಣದ ಪುಡಿಯಲ್ಲಿ ಇಡೀ ಮಾಡನ್ನು ಅದರದೇ ಅಳತೆಯಲ್ಲಿ ನೆಲದ ಮೇಲೆ ಬಿಡಿಸಿದೆವು, ಕಲ್ಲು ಜೋಡಿಸಿ ಕಟ್ಟೆ ಮಾಡಿದೆವು. ಹೆಂಗಸರು ತಮ್ಮ ತಮ್ಮ ಜಾಗದಲ್ಲಿ ಕೂತರು. ಗಿರಾಕಿಗೆ ಬಗ್ಗುವ ಕಷ್ಟ ಬೇಡವೆಂದು ಹುಡುಗಿ ಕಟ್ಟೆಯನ್ನು ಸೊಂಟದೆತ್ತರಕ್ಕೆ ಇಟ್ಟಿದ್ದಳು. "ಬುಟ್ಟಿ ಮೇನೆ ಎತ್ತಿಕೊಡೂರು ಯಾರು ತಂಗಿ?" ಎಂದರು ಹಿರಿಯಮ್ಮ. ಮಂಡಿನೋವಿನವರೇ ಹೆಚ್ಚು, ಒದ್ದೆ ಕಾಲಲ್ಲಿ ಹತ್ತಿಳಿಯುವುದು ಬೇರೆ. ಅಲ್ಲೇ ಕಲ್ಲು ತೆಗೆಯುತ್ತಾ ಬಂದು, ಮೊಣಕಾಲಿಗಿಂತ ತುಸು ಕೆಳಗೆ ನಿಲ್ಲಿಸಿದೆವು. ನೀರು ಹಿಂದಕ್ಕೆ ಹರಿಯಲು ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು. ಯಾರ ಪಕ್ಕ ಯಾರು ಎಂಬುದರ ಮೇಲೆ ಜೋರು ಜಗಳವೇ ಆಯಿತು. ಅದರಲ್ಲಿ ನಾವು ತಲೆ ಹಾಕಲಿಲ್ಲ, ಅವರೇ ಬಗೆಹರಿಸಿಕೊಂಡರು.

ಇಂಟರ್ನ್ ಇಟ್ಟುಕೊಳ್ಳುವ ಆರ್ಕಿಟೆಕ್ಟರಿಗೆ ಒಂದು ಮಾತು: ಸಂಬಳ ಕೊಡಿ, ಬಸ್ ಖರ್ಚು ಬೇರೆಯಾಗಿ ಕೊಡಿ. ಕೈಯಿಂದ ಹಣ ಹಾಕಿ ಹಳ್ಳಿಗೆ ಓಡಾಡಬೇಕೆಂದರೆ ಉಳ್ಳವರ ಮಕ್ಕಳು ಮಾತ್ರ ಈ ಕೆಲಸಕ್ಕೆ ಬರುತ್ತಾರೆ.

ಕಾಲೇಜಿಗೆ ಕೊಡುವ ವರದಿ ಇಂಗ್ಲಿಷಿನಲ್ಲಿತ್ತು. ಅದರ ಸಾರವನ್ನು ಕನ್ನಡದಲ್ಲಿ ಬರೆದು, ನಕ್ಷೆಯ ಜೊತೆ ಪೇಟೆಯಲ್ಲಿ ಓದಿ ಹೇಳಿದ ಮೇಲೆಯೇ ಅವಳು ಬೆಂಗಳೂರಿನ ಬಸ್ಸು ಹತ್ತಿದ್ದು. ತಮ್ಮ ಫೋಟೋ ಬೇಡವೆಂದ ಇಬ್ಬರ ಚಿತ್ರವನ್ನು ವರದಿಯಿಂದ ತೆಗೆದಿದ್ದಳು. ಅಂದಾಜುಪಟ್ಟಿ ಈಗ ಪಂಚಾಯ್ತಿಯಲ್ಲಿದೆ. ಮುಂದಿನ ತಂಡದಲ್ಲಿ ಬರುವ ವಿದ್ಯಾರ್ಥಿಗೆ ಅವಳ ಪುಸ್ತಕವನ್ನೇ ಮೊದಲು ಓದಲು ಕೊಡುತ್ತೇನೆ, ಆಮೇಲೆ ಹಿರಿಯಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ.