ಕಾಗಕ್ಕನ ಕತೆಯನ್ನು ಗುಬ್ಬಕ್ಕ ಹೇಳಿದರೆ

ನಾಲ್ಕನೇ ತರಗತಿಯಲ್ಲಿ ‘ದೃಷ್ಟಿಕೋನ’ ಎಂದು ಬೋರ್ಡಿನಲ್ಲಿ ಬರೆದು ಪಾಠ ಶುರುಮಾಡಿದರೆ ಆ ಪಿರಿಯಡ್ ಹೋಯಿತೆಂದೇ ಲೆಕ್ಕ. ‘ಈಗ ಹೇಳುತ್ತಿರುವುದು ಯಾರು?’ ಎಂಬ ಪ್ರಶ್ನೆಯೊಂದೇ ಸಾಕು. ಕೇರಳದ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕಾಗಕ್ಕ ಗುಬ್ಬಕ್ಕನ ಅಜ್ಜಿಕತೆ ಚೆನ್ನಾಗಿ ಒದಗುತ್ತದೆ. ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆಗೆ ಸಗಣಿ ಕರಗುತ್ತದೆ, ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಜೂನಿನಲ್ಲಿ ಶಾಲೆ ತೆರೆದು ಹೊರಗೆ ಮಳೆ ಹೊಯ್ಯುತ್ತಿರುವಾಗಲೇ ಹೇಳಿ, ಅರ್ಧ ಕೆಲಸವನ್ನು ಹಂಚಿನ ಮೇಲಿನ ಸದ್ದೇ ಮಾಡುತ್ತದೆ.

ಇದೇ ಕತೆಯನ್ನು ಮಕ್ಕಳು ಕಾಗೆಯಾಗಿ, ಗುಬ್ಬಿಯಾಗಿ ಪದ್ಯದಲ್ಲಿ ಹೇಳುವಂತಾಗಲು 40 ನಿಮಿಷದ ನಾಲ್ಕು ಪಿರಿಯಡ್ ಬೇಕು. ಮೊದಲನೆಯದರಲ್ಲಿ ಕತೆ ಹೇಳಿ, ಆದರೆ ಬಾಗಿಲು ತೆರೆಯುವ ಮೊದಲೇ ನಿಲ್ಲಿಸಿ. ಕತೆಯ ಕೊನೆ ಮನೆಯಿಂದ ಮನೆಗೆ ಬೇರೆ, ಅದರ ಜಗಳಕ್ಕೆ ಇಳಿದರೆ ಹೊತ್ತು ಸಾಲದು. ತರಗತಿಯ ಬಾಗಿಲನ್ನೇ ಗುಬ್ಬಿಯ ಬಾಗಿಲು ಮಾಡಿ. ಒಬ್ಬರು ಹೊರಗೆ, ಒಬ್ಬರು ಒಳಗೆ, ಬಾಗಿಲು ಮುಚ್ಚಿರಬೇಕು. ‘ತಾಳೇ, ಮಗುವಿಗೆ ಸ್ನಾನ ಮಾಡಿಸ್ತಿದ್ದೇನೆ’ ಎಂಬುದು ಹೊರಗಿನವಳಿಗೆ ಬರಿಯ ಮಾತು, ಕಂಡದ್ದಲ್ಲ. ಬೋರ್ಡಿನಲ್ಲಿ ಮೂರು ಕಲಂ ಎಳೆಯಿರಿ: ಕಂಡದ್ದು, ಕೇಳಿದ್ದು, ಗೊತ್ತಿಲ್ಲದ್ದು. ಕಾಗೆಗೊಂದು ಸಲ, ಗುಬ್ಬಿಗೊಂದು ಸಲ ತುಂಬಿಸಿ. ಮಗು ನಿಜಕ್ಕೂ ಸ್ನಾನ ಮಾಡುತ್ತಿತ್ತೇ? ಗುಬ್ಬಿಗೆ ಗೊತ್ತು, ಕಾಗೆಗೆ ಗೊತ್ತಿಲ್ಲ. ಇಷ್ಟು ಹೊಳೆದರೆ ದೃಷ್ಟಿಕೋನ ಅರ್ಥವಾದಂತೆ.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ ಕೇಳಿದ ಮಕ್ಕಳಿದ್ದರೆ ಇನ್ನೂ ಸಲೀಸು. ವೇಷವಿಲ್ಲದೆ ಕೂತಲ್ಲೇ ವಾಲಿಯಾಗಿ ರಾಮನ ಮೇಲೆ ತಪ್ಪು ಹೊರಿಸುವ ಅರ್ಥಧಾರಿಯನ್ನು ನೆನಪಿಸಿ, ‘ಹಾಗೆ ಮಾತಾಡು’ ಎಂದರಾಯಿತು.

ಎರಡನೆಯ ಪಿರಿಯಡ್ ಪೂರ್ತಿ ಕ್ರಿಯಾಪದಕ್ಕೆ. ಅವಸರ ಬೇಡ, ಎಡವುವುದು ಇಲ್ಲಿಯೇ. ಕತೆ ಹೇಳುವವರು ‘ಕಾಗೆ ಬಂತು’ ಎನ್ನುತ್ತಾರೆ. ಗುಬ್ಬಕ್ಕ ಹೇಳಿದರೆ ‘ಕಾಗಕ್ಕ ಬಂದಳು’. ಕಾಗೆಯೇ ಹೇಳಿದರೆ ‘ನಾನು ಬಂದೆ’. ಬಂತು, ಬಂದಳು, ಬಂದೆ: ಹೇಳುವವರು ಯಾರೆಂದು ಪದದ ಕೊನೆಯೇ ತಿಳಿಸಿಬಿಡುತ್ತದೆ. ಮನೆಯಲ್ಲಿ ಮಲಯಾಳಂ ಆಡುವ ಮಕ್ಕಳು ‘ನಾನು ಬಂತು’ ಎಂದು ಬರೆಯುವುದುಂಟು. ಅದು ದಡ್ಡತನವಲ್ಲ. ಮಲಯಾಳದಲ್ಲಿ ‘ಞಾನ್ ವನ್ನು’ (ನಾನು ಬಂದೆ), ‘ಅವಳ್ ವನ್ನು’ (ಅವಳು ಬಂದಳು), ‘ಕಾಕ್ಕ ವನ್ನು’ (ಕಾಗೆ ಬಂತು), ಎಲ್ಲಕ್ಕೂ ಒಂದೇ ರೂಪ. ಕೆಂಪು ಶಾಯಿಯಲ್ಲಿ ಗೀಟು ಹಾಕುವ ಬದಲು ಎರಡು ಭಾಷೆಯ ವಾಕ್ಯಗಳನ್ನು ಅಕ್ಕಪಕ್ಕ ಬರೆಯಿಸಿ, ವ್ಯತ್ಯಾಸವನ್ನು ಅವರೇ ಹಿಡಿಯಲಿ. ತುಳು ಮನೆಯ ಮಕ್ಕಳಿಗೆ ಈ ತೊಡಕು ಕಡಿಮೆ, ತುಳುವಿನ ಕ್ರಿಯಾಪದ ಕನ್ನಡದಂತೆಯೇ ಬದಲಾಗುತ್ತದೆ.

ಪದ್ಯ ಮೂರನೆಯ ಪಿರಿಯಡಿಗೆ. ಎಂಟು ಸಾಲು ಕೇಳಬೇಡಿ, ನಾಲ್ಕು ಸಾಕು. ಲಘು ಗುರು ಹೆಸರುಗಳೂ ಈಗಲೇ ಬೇಡ. ನಾಲ್ಕು ಮಾತ್ರೆಗೊಂದು ಚಪ್ಪಾಳೆ ಹೊಡೆಯುತ್ತ ಹೇಳಿಸಿ:

ಬಾಗಿಲು ತೆಗೆಯೇ ಗುಬ್ಬಕ್ಕ
ನೆನೆದಿದೆ ರೆಕ್ಕೆಯ ಎಡಪಕ್ಕ

ಬಾಗಿಲು, ತೆಗೆಯೇ, ಗುಬ್ಬಕ್‌, ಹೀಗೆ ಚಪ್ಪಾಳೆ ಬೀಳುವುದು ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ. ಮೂರನೆಯದು ‘ಗುಬ್ಬಕ್‌’, ಉಳಿದ ‘ಕ’ವನ್ನು ಎಳೆದು ನಾಲ್ಕನೆಯ ಚಪ್ಪಾಳೆ. ತಾಳ ಕೈಗೆ ಕೂತ ಮೇಲೆ ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಕಾಗೆಯ ಎರಡು ಸಾಲು, ಇನ್ನೊಬ್ಬರು ಗುಬ್ಬಿಯ ಎರಡು ಸಾಲು ಕಟ್ಟಲಿ.

ಪ್ರಾಸದ ಆಸೆಗೆ ಮಕ್ಕಳು ಪಾತ್ರ ಮರೆಯುತ್ತಾರೆ. ಹೊರಗೆ ನಿಂತ ಕಾಗೆ ‘ಮಗುವಿನ ಕೆನ್ನೆಗೆ ಕಪ್ಪಿಟ್ಟಳು’ ಎಂದು ಬಿಡುತ್ತದೆ. ಆಗ ತಿದ್ದಬೇಡಿ, ಮೂರು ಕಲಂ ತೋರಿಸಿ ‘ಇದನ್ನು ಕಾಗೆ ನೋಡಿತಾ?’ ಎಂದು ಕೇಳಿ. ಪ್ರಾಸ ತಪ್ಪಿದರೆ ಬಿಟ್ಟುಬಿಡಿ, ಹೇಳುವವರು ಬದಲಾದರೆ ಮಾತ್ರ ಬಿಡಬೇಡಿ.

ನಾಲ್ಕನೆಯ ದಿನ ಓದು. ಪದ್ಯದಲ್ಲಿ ಹೆಸರುಗಳಿದ್ದರೆ ಅವನ್ನು ಬಿಟ್ಟು ಓದಲಿ, ಹೇಳುವವರು ಬಾಗಿಲಿನ ಯಾವ ಬದಿಯಲ್ಲಿದ್ದಾರೆಂದು ಊಹಿಸಿ ಕೇಳುವವರು ‘ಒಳಗೆ’ ಅಥವಾ ‘ಹೊರಗೆ’ ಎಂದು ಕೂಗಲಿ. ತರಗತಿ ಎರಡಾಗಿ ಒಡೆದು ಕೂಗಿದರೆ ಆ ಪದ್ಯವನ್ನು ಬೋರ್ಡಿಗೇರಿಸಿ, ಯಾವ ಶಬ್ದ ದಾರಿ ತಪ್ಪಿಸಿತೆಂದು ಎಲ್ಲರೂ ಸೇರಿ ಹುಡುಕಿ. ಬೇಗ ಮುಗಿಸಿದವರಿಗೆ ಮೂರನೆಯ ಪಾತ್ರ ಕೊಡಬಹುದು: ಇಬ್ಬರ ಮಾತನ್ನೂ ಕೇಳಿದ ಬಾಗಿಲು.