ಕ್ರಾನಿಕ್ ಅಂದ್ರೆ ಜೋರು ಅಲ್ಲ, ಹಳೆಯದು

ಆ ಚೀಟಿಯಲ್ಲಿ ನಾನು ಬರೆದದ್ದು ಮೂರೇ ಪದ: ‘ಕ್ರಾನಿಕ್ ಅಬ್ಡಾಮಿನಲ್ ಪೇನ್’. ಹೊಟ್ಟೆನೋವು ತುಂಬಾ ಜೋರಾಗಿದೆ, ಬೇಗ ನೋಡಿ ಅಂತ ಹೇಳಬೇಕಿತ್ತು ನನಗೆ. ಬರೆದದ್ದು ಮಾತ್ರ ಹೊಟ್ಟೆನೋವು ಬಹಳ ದಿನದಿಂದ ಇದೆ ಅಂತ.

ರಾಯಚೂರು ಜಿಲ್ಲೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಆಗ ಎರಡನೇ ವರ್ಷ. ಭತ್ತದ ನಾಟಿ ನಡೆದಿದ್ದ ದಿನಗಳು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮಾನ್ವಿ ಕಡೆಯ ಹಳ್ಳಿಯೊಂದರಿಂದ 19 ವರ್ಷದ ಹುಡುಗನನ್ನು ಟಂಟಂನಲ್ಲಿ ಹಾಕಿಕೊಂಡು ಬಂದರು. ಬಲಗಡೆ ಕೆಳಹೊಟ್ಟೆ ಒತ್ತಿ ಹಿಡಿದು ಮುದುಡಿ ಮಲಗಿದ್ದ. ಮೈ ಬಿಸಿ. ದಾರಿಯಲ್ಲಿ ಎರಡು ಸಲ ವಾಂತಿ ಆಗಿತ್ತಂತೆ. ‘ಸಿಸ್ಟರ್ರೀ, ನಿನ್ನಿ ಸಂಜಿತನಾ ನೆಟ್ಟಗಿದ್ದ್ರೀ. ರಾತ್ರಿ ಉಣ್ಣೂ ಹೊತ್ತಿಗೆ ಹೊಟ್ಟಿ ಬ್ಯಾನಿ ಶುರುವಾತು’ ಅಂತ ಅವರವ್ವ ಹೇಳುತ್ತಲೇ ಇದ್ದರು. ನಾನು ಕೇಳಿಸಿಕೊಳ್ಳುತ್ತಲೂ ಇದ್ದೆ. ಡಾಕ್ಟರು ಫೋನಿನಲ್ಲಿ ‘ಅಪೆಂಡಿಕ್ಸ್ ಇರಬಹುದು, ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿ’ ಅಂದರು. ನಾನು ಸಲೈನ್ ಹಚ್ಚಿ, ಚೀಟಿ ಬರೆದು, ಆಂಬುಲೆನ್ಸ್ ಹತ್ತಿಸಿದೆ.

ಅಲ್ಲಿ ಚೀಟಿ ನೋಡಿದವರು ಅದನ್ನು ಹಳೇ ಹೊಟ್ಟೆನೋವು ಅಂತ ಓದಿದರು. ಓದಿದ್ದು ಸರಿಯಾಗೇ ಇತ್ತು. ಹುಡುಗನನ್ನು ಹೊರರೋಗಿಗಳ ಸಾಲಿನ ಬೆಂಚಿನ ಮೇಲೆ ಕೂರಿಸಿದರು. ಒಂದೂವರೆ ಗಂಟೆ ಕೂತಿದ್ದನಂತೆ. ಆಮೇಲೆ ಒಬ್ಬ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ, ಅಲ್ಲಿಂದ ನನಗೆ ಫೋನ್ ಮಾಡಿದರು.

‘ಸಿಸ್ಟರ್, ನೋವು ಯಾವಾಗಿನಿಂದ?’

‘ನಿನ್ನೆ ರಾತ್ರಿಯಿಂದ ಸರ್.’

‘ಮತ್ತೆ ಕ್ರಾನಿಕ್ ಅಂತ ಯಾಕೆ ಬರೆದ್ರಿ?’

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ‘ಭಾಳ ಜೋರಿತ್ತು ಸರ್’ ಅಂದೆ. ಅವರು ಬೈಯಲಿಲ್ಲ. ‘ಜೋರಿದ್ರೆ ಸಿವಿಯರ್ ಅಂತ ಬರೀರಿ. ಹಳೇದಾದ್ರೆ ಕ್ರಾನಿಕ್. ಇದು ಅಕ್ಯೂಟ್’ ಅಂತಷ್ಟೇ ಹೇಳಿ ಫೋನ್ ಇಟ್ಟರು. ಅವತ್ತೇ ಆಪರೇಷನ್ ಆಯಿತು, ಹುಡುಗ ಉಳಿದ. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಒಂದೂವರೆ ಗಂಟೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನರ್ಸಿಂಗ್ ಮಾತ್ರ ಇಂಗ್ಲಿಷಿನಲ್ಲಿ. ಎಷ್ಟೋ ಪದಗಳನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ವಾರ್ಡಿನಲ್ಲಿ ಕಿವಿಗೆ ಬಿದ್ದಂತೆ ಕಲಿತೆವು. ಕ್ರಾನಿಕ್ ಅನ್ನುವ ಮಾತು ಯಾವಾಗಲೂ ಸೊರಗಿದ, ಸುಸ್ತಾದ ರೋಗಿಗಳ ಮಂಚದ ಹತ್ತಿರವೇ ಕೇಳಿಸುತ್ತಿತ್ತು. ಕಿಡ್ನಿ ಹೋದವರು, ಲಿವರ್ ಕೆಟ್ಟವರು, ದಮ್ಮಿನವರು. ಹಾಗಾಗಿ ಅದು ‘ಕೈ ಮೀರಿದ್ದು’, ‘ಭಾಳ ಕೆಟ್ಟದ್ದು’ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಬ್ಯಾಚಿನ ಬಹಳ ಜನ ಹಾಗೇ ತಿಳಿದಿದ್ದರು. ಊರ ಕಡೆ ಓದಿದವರೂ ‘ಕ್ರಾನಿಕ್ ಸ್ಟೇಜ್’ ಅಂತ ಮಾತಾಡುವುದನ್ನು ನೀವೂ ಕೇಳಿರಬಹುದು. ಅವರು ಅಂದುಕೊಂಡ ‘ಕೈ ಮೀರಿದ’ ಅರ್ಥದಲ್ಲಿ ಅಂಥ ಸ್ಟೇಜ್ ಯಾವುದೂ ಇಲ್ಲ.

ಫೋನ್ ಬಂದ ದಿನ ಡ್ಯೂಟಿ ಮುಗಿಸಿ ನಿಘಂಟು ತೆಗೆದೆ. ಕ್ರಾನಿಕ್ ಪದದ ಬೇರು ಗ್ರೀಕಿನ ‘ಕ್ರೋನೋಸ್’, ಅಂದರೆ ಕಾಲ. ಅಕ್ಯೂಟ್ ಲ್ಯಾಟಿನ್ನಿನಿಂದ ಬಂದದ್ದು, ಮೊನಚಾದದ್ದು ಅಂತ ಮೂಲ ಅರ್ಥ. ಗಣಿತದಲ್ಲಿ ಲಘುಕೋನಕ್ಕೂ ಇದೇ ಪದ. ರೋಗದ ವಿಷಯಕ್ಕೆ ಬಂದಾಗ ಅಕ್ಯೂಟ್ ಅಂದರೆ ದಿಢೀರನೆ ಬಂದದ್ದು, ಹೊಸದು. ಕ್ರಾನಿಕ್ ಅಂದರೆ ಬಹಳ ಕಾಲದಿಂದ ಇರುವುದು. ಎರಡೂ ಗಡಿಯಾರ, ಕ್ಯಾಲೆಂಡರ್ ನೋಡುವ ಪದಗಳು. ನೋವು ಎಷ್ಟು ಅನ್ನುವುದನ್ನು ಹೇಳುವ ಪದಗಳೇ ಬೇರೆ: ಮೈಲ್ಡ್, ಮಾಡರೇಟ್, ಸಿವಿಯರ್. ನೆಗಡಿ ಅಕ್ಯೂಟ್, ಆದರೆ ಸಣ್ಣದು. ಹಾರ್ಟ್ ಅಟ್ಯಾಕ್ ಕೂಡ ಅಕ್ಯೂಟ್, ಅದು ಜೀವ ತೆಗೆಯುತ್ತದೆ. ಮೊಣಕೈ ಹತ್ತಿರ ವರ್ಷಗಟ್ಟಲೆ ತುರಿಸುವ ಇಸುಬು ಕ್ರಾನಿಕ್, ಅದರಿಂದ ಯಾರೂ ಸಾಯುವುದಿಲ್ಲ.

ಎಷ್ಟು ದಿನ ಆದರೆ ‘ಬಹಳ ಕಾಲ’? ಇಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಅದು ರೋಗದ ಮೇಲೆ ಹೋಗುತ್ತದೆ. ಭೇದಿ 14 ದಿನದೊಳಗೆ ಇದ್ದರೆ ಅಕ್ಯೂಟ್. 14 ದಿನ ಅಥವಾ ಅದಕ್ಕಿಂತ ಜಾಸ್ತಿ ಆದರೆ ಅದಕ್ಕೆ ಪರ್ಸಿಸ್ಟೆಂಟ್ ಅಂತ ಬೇರೆ ಹೆಸರು. ದೊಡ್ಡವರ ಕೆಮ್ಮು 8 ವಾರ ದಾಟಿದರೆ ಕ್ರಾನಿಕ್. (ಹಾಗಂತ ಟಿಬಿ ಪರೀಕ್ಷೆಗೆ 8 ವಾರ ಕಾಯಬಾರದು, 2 ವಾರದ ಕೆಮ್ಮಿಗೇ ಕಫ ಪರೀಕ್ಷೆ ಮಾಡಿಸಬೇಕು.) ಕಿಡ್ನಿ ತೊಂದರೆ 3 ತಿಂಗಳು ಮೀರಿದರೆ ಕ್ರಾನಿಕ್. ಹೆಪಟೈಟಿಸ್ ಬಿ ವೈರಸ್ 6 ತಿಂಗಳಾದರೂ ರಕ್ತದಲ್ಲಿ ಉಳಿದರೆ ಕ್ರಾನಿಕ್, ಆ ಮನುಷ್ಯ ಆರಾಮಾಗಿ ಹೊಲದ ಕೆಲಸ ಮಾಡಿಕೊಂಡಿದ್ದರೂ ಸರಿ.

ನಮ್ಮ ಸೀಮೆಯಲ್ಲೇ ಎರಡಕ್ಕೂ ಉದಾಹರಣೆ ಇದೆ. ಹತ್ತಿ ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವಾಗ ಅದು ಮೈಗೆ, ಉಸಿರಿಗೆ ಹೋದರೆ ಕೆಲವೇ ಗಂಟೆಗಳಲ್ಲಿ ಜೊಲ್ಲು, ಬೆವರು, ವಾಂತಿ ಶುರು. ಅದು ಅಕ್ಯೂಟ್ ವಿಷ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆ ಬಿಗಿಯುತ್ತದೆ. ಅದು ಕ್ರಾನಿಕ್ ವಿಷ. ಯಾವತ್ತು ಶುರುವಾಯಿತು ಅಂತ ಯಾರೂ ಹೇಳಲಾರರು.

ಇಷ್ಟು ತಿಳಿದ ಮೇಲೂ ನನ್ನ ಕೈ ತಪ್ಪುತ್ತಿತ್ತು. ಕಾರಣ ನಮ್ಮ ಕನ್ನಡದ ‘ತೀವ್ರ’ ಅನ್ನುವ ಪದ. ನಮಗೆ ಬರುವ ಕರಪತ್ರ, ಪೋಸ್ಟರುಗಳಲ್ಲಿ ಅಕ್ಯೂಟ್ ಅನ್ನುವುದಕ್ಕೂ ತೀವ್ರ, ಸಿವಿಯರ್ ಅನ್ನುವುದಕ್ಕೂ ತೀವ್ರ. ಓದುವವರಿಗೆ ಎರಡೂ ಒಂದೇ ಅಂತ ಅನ್ನಿಸದೆ ಇನ್ನೇನಾಗುತ್ತದೆ? 2020ರಲ್ಲಿ ಕೋವಿಡ್ ಬಂದಾಗ ಆಸ್ಪತ್ರೆಗಳಲ್ಲಿ ‘ಸಾರಿ’ ವಾರ್ಡ್ ಮಾಡಿದರು. ಸಿವಿಯರ್ ಅಕ್ಯೂಟ್ ರೆಸ್ಪಿರೇಟರಿ ಇನ್ಫೆಕ್ಷನ್ ಅಂತ ಅದರ ಬಿಡಿಸಿದ ಹೆಸರು. ಎರಡು ಪದಕ್ಕೂ ಒಂದೇ ಅರ್ಥ ಆಗಿದ್ದರೆ ಎರಡನ್ನೂ ಪಕ್ಕಪಕ್ಕ ಯಾಕೆ ಇಡುತ್ತಿದ್ದರು? ಸಿವಿಯರ್ ಅಂದರೆ ಆಸ್ಪತ್ರೆಗೆ ಸೇರಿಸುವಷ್ಟು ಜೋರು. ಅಕ್ಯೂಟ್ ಅಂದರೆ ಶುರುವಾಗಿ ಹೆಚ್ಚು ದಿನ ಆಗಿಲ್ಲ.

ನನಗೆ ಇದು ಪೂರ್ತಿ ಮನಸ್ಸಿಗೆ ಇಳಿದದ್ದು ಒಂದು ಅಂಗನವಾಡಿಯಲ್ಲಿ. ಮಕ್ಕಳ ತೋಳಿನ ಸುತ್ತಳತೆ ನೋಡಲು ಹೋಗಿದ್ದೆವು. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಇರುತ್ತದೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು. ಮೂರು ವರ್ಷ ಆಗುತ್ತಾ ಬಂದಿದ್ದ ಒಂದು ಹುಡುಗಿಯ ತೋಳಿಗೆ ಪಟ್ಟಿ ಸುತ್ತಿ ಎಳೆದೆ. ಕಿಂಡಿಯಲ್ಲಿ ಕೆಂಪು ಬಂತು. ಚರ್ಮ ಕೈಗೆ ಸಡಿಲವಾಗಿ ಸಿಕ್ಕಿತು. ‘ಹದಿನೈದು ದಿನದ ಹಿಂದ ವಾಂತಿ-ಭೇದಿ ಆಗಿತ್ರೀ, ಆಗಿಂದ ಇಳದಾಳ’ ಅಂತ ಅವರಜ್ಜಿ ಅಂದರು. ಪಕ್ಕದಲ್ಲೇ ಅದೇ ವಯಸ್ಸಿನ ಇನ್ನೊಂದು ಮಗು. ತೋಳು ಹಸಿರು, ಕೆನ್ನೆ ದುಂಡಗೆ, ಆಟ ಜೋರು. ಆದರೆ ಎತ್ತರ ಅಳೆದರೆ ಎರಡು ವರ್ಷದ ಕೂಸಿನಷ್ಟೂ ಇಲ್ಲ.

ಮೊದಲನೆಯದು ಅಕ್ಯೂಟ್ ಅಪೌಷ್ಟಿಕತೆ. ಅದೂ ಸಿವಿಯರ್ ಅಕ್ಯೂಟ್ ಮಾಲ್‌ನ್ಯೂಟ್ರಿಷನ್, ನಾವು ‘ಸ್ಯಾಮ್’ ಅನ್ನುವುದು ಅದಕ್ಕೇ. ಸ್ವಲ್ಪ ದಿನದಲ್ಲೇ ತೂಕ ಕರಗಿದೆ, ಜೀವಕ್ಕೆ ಅಪಾಯ ಇದೆ, ಕೂಡಲೇ ಡಾಕ್ಟರು ನೋಡಬೇಕು. ಎರಡನೆಯದು ಕ್ರಾನಿಕ್. ಹೊಟ್ಟೆಯಲ್ಲಿದ್ದಾಗಿನಿಂದಲೇ ಬೇಕಾದಷ್ಟು ಸಿಕ್ಕಿಲ್ಲ, ಬೆಳವಣಿಗೆ ಕುಂಠಿತವಾಗಿದೆ. ಆ ಮಗುವಿನ ಬಗ್ಗೆ ಯಾರಿಗೂ ಗಾಬರಿ ಇರಲಿಲ್ಲ, ಚೆನ್ನಾಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಎರಡು ಮಕ್ಕಳನ್ನೂ ಒಂದೇ ‘ತೀವ್ರ’ದಲ್ಲಿ ಬರೆದರೆ ಒಬ್ಬಳ ಅವಸರ ಕಾಣುವುದಿಲ್ಲ, ಇನ್ನೊಂದರ ಹಳೇ ಕೊರತೆ ಕಾಣುವುದಿಲ್ಲ. ಅವತ್ತಿನಿಂದ ನಾನು ಅಕ್ಯೂಟ್ ಅನ್ನುವುದಕ್ಕೆ ಕನ್ನಡದಲ್ಲಿ ‘ದಿಢೀರ್’ ಅಂತಲೇ ಹೇಳುತ್ತೇನೆ. ತೀವ್ರ ಅನ್ನುವುದನ್ನು ಸಿವಿಯರ್‌ಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಈಗ ಚೀಟಿ ಬರೆಯುವ ಮುಂಚೆ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳುತ್ತೇನೆ. ಯಾವತ್ತಿನಿಂದ? ಎಷ್ಟು? ಮೊದಲನೆಯದಕ್ಕೆ ಉತ್ತರ ಸಿಗುವುದು ಸುಲಭ ಇಲ್ಲ. ‘ಭಾಳ ದಿನ ಆತ್ರೀ’ ಅಂದರೆ ಕೆಲವರಿಗೆ ನಾಲ್ಕು ದಿನ, ಕೆಲವರಿಗೆ ನಾಲ್ಕು ವರ್ಷ. ತಾರೀಖು ಕೇಳಿದರೆ ಗೊತ್ತಿರುವುದಿಲ್ಲ. ಹಬ್ಬ ಕೇಳಿದರೆ ಥಟ್ಟನೆ ಬರುತ್ತದೆ. ‘ಉಗಾದಿಗೆ ಆರಾಮಿದ್ರಾ?’ ‘ಹೂನ್ರೀ.’ ‘ಕಾರ ಹುಣ್ಣಿಮಿಗೆ?’ ‘ಆವಾಗ ಶುರುವಾಗಿತ್ತು ನೋಡ್ರೀ.’ ಅಲ್ಲಿಗೆ ತಿಂಗಳು ಲೆಕ್ಕ ಸಿಕ್ಕಂತೆ.

ಎರಡೂ ಕೂಡಿ ಬರುವ ರೋಗಿಗಳೂ ಇದ್ದಾರೆ. ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಒಬ್ಬ ಅಜ್ಜ ನಮ್ಮಲ್ಲಿಗೆ ಬರುತ್ತಿದ್ದರು. ಬೀಡಿಯೂ ಇತ್ತು. ದಮ್ಮು ಹಳೆಯದು. ಒಂದು ಚಳಿಗಾಲದ ರಾತ್ರಿ ಬಂದಾಗ ಮಾತಾಡಲು ಆಗುತ್ತಿರಲಿಲ್ಲ, ಭುಜ ಎತ್ತೆತ್ತಿ ಉಸಿರೆಳೆಯುತ್ತಿದ್ದರು, ತುಟಿ ಕಪ್ಪಾಗಿತ್ತು. ಜೊತೆಗೆ ಬಂದ ಮಗ ‘ಇದು ಇದ್ದದ್ದ ರೀ, ಹಳೇದು’ ಅಂದ. ಹಳೆಯದು ನಿಜ. ಆದರೆ ಅವತ್ತು ಸಂಜೆಯಿಂದ ಜಾಸ್ತಿಯಾದದ್ದು ಹೊಸದು. ಇದಕ್ಕೆ ಇಂಗ್ಲಿಷಿನಲ್ಲಿ ‘ಅಕ್ಯೂಟ್ ಆನ್ ಕ್ರಾನಿಕ್’ ಅಂತಾರೆ. ಬರೀ ಕ್ರಾನಿಕ್ ಅಂತ ಬರೆದಿದ್ದರೆ ಆ ಅಜ್ಜನೂ ಬೆಂಚಿನ ಮೇಲೆ ಕೂರುತ್ತಿದ್ದರು. ‘ಹತ್ತು ವರ್ಷದಿಂದ ದಮ್ಮು, ಇವತ್ತು ಸಂಜೆ ಆರರಿಂದ ಸಿವಿಯರ್’ ಅಂತ ಬರೆದೆ. ಇಳಿಸಿಕೊಂಡ ಕೂಡಲೇ ಆಕ್ಸಿಜನ್ ಹಚ್ಚಿದರು.

ರೋಗಿಗಳ ಮನೆಯವರ ಹತ್ತಿರ ಮಾತಾಡುವಾಗಲೂ ಈ ಪದ ತೊಂದರೆ ಕೊಡುತ್ತದೆ. ಒಬ್ಬ ಹೆಣ್ಣುಮಗಳು ಗಂಡನ ರಿಪೋರ್ಟ್ ಹಿಡಿದುಕೊಂಡು ಅಳುತ್ತಾ ಬಂದಳು. ಅದರಲ್ಲಿ ‘ಕ್ರಾನಿಕ್ ಕಿಡ್ನಿ ಡಿಸೀಸ್’ ಅಂತ ಇತ್ತು. ಅದನ್ನು ಓದಿ ಹೇಳಿದ ಯಾರೋ ‘ಮುಗೀತು’ ಅಂದಿದ್ದರಂತೆ. ನಾನು ಅವಳನ್ನು ಕೂರಿಸಿ ಹೇಳಿದೆ. ‘ತಂಗೀ, ಈ ಪದ ಮೂರು ತಿಂಗಳಿಗಿಂತ ಹಳೇದು ಅಂತ ಅಷ್ಟೇ ಹೇಳ್ತದ. ಎಷ್ಟು ಕೆಟ್ಟದ ಅಂತ ನೋಡಬೇಕಂದ್ರ ಮುಂದಿನ ಅಂಕಿ ನೋಡಬೇಕು.’ ಕಿಡ್ನಿ ಕಾಯಿಲೆಗೆ 5 ಹಂತ. ಅವಳ ಗಂಡನದು 3. ಬಿಪಿ, ಶುಗರ್ ಹಿಡಿತದಲ್ಲಿಟ್ಟು, ನೋವಿನ ಮಾತ್ರೆಗಳನ್ನು ಸುಮ್ನೆ ನುಂಗುವುದು ಬಿಟ್ಟರೆ ಎಷ್ಟೋ ವರ್ಷ ಕಾಪಾಡಿಕೊಳ್ಳಬಹುದು ಅಂತ ಡಾಕ್ಟರೂ ಹೇಳಿದರು. ಅವಳು ಆ ಅಂಕಿಯ ಸುತ್ತ ನನ್ನ ಪೆನ್ನಿನಿಂದಲೇ ಒಂದು ಗುಂಡು ಹಾಕಿಸಿಕೊಂಡು ಹೋದಳು.

ಹೋದ ವರ್ಷ ಒಬ್ಬ ಹೊಸ ಸಿಸ್ಟರ್ ನನ್ನ ಕೈಕೆಳಗೆ ಬಂದಳು, ನನ್ನ ಹಾಗೇ ಕನ್ನಡ ಮಾಧ್ಯಮದ ಹುಡುಗಿ. ಅವಳ ಡ್ಯೂಟಿಯಲ್ಲಿ ಆರು ವರ್ಷದ ಹುಡುಗನನ್ನು ಎತ್ತಿಕೊಂಡು ಬಂದರು. ಎಡಗಾಲು ಜೋಲುತ್ತಿತ್ತು. ‘ಕಾಲಾಗ ಶಕ್ತಿ ಇಲ್ರೀ’ ಅಂದರು ಅವರವ್ವ. ಅವಳು ಪುಸ್ತಕದಲ್ಲಿ ‘ಕಾಲು ದುರ್ಬಲ’ ಅಂತ ಬರೆದು ನಿಲ್ಲಿಸಿದಳು, ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳೇ ತಿರುಗಿ ಕೇಳಿದಳು, ‘ತಾನಾಗೇ ನಡೆದದ್ದು ಕಡೇಕ್ಕ ಯಾವಾಗ ನೋಡೀರಿ?’

‘ಸೋಮವಾರ ಸಾಲಿಗೆ ನಡಕೋತ ಹೋಗ್ಯಾನ್ರೀ.’

ಅವತ್ತು ಗುರುವಾರ. ಹದಿನೈದು ವರ್ಷದೊಳಗಿನ ಮಗುವಿಗೆ ಹೀಗೆ ದಿಢೀರನೆ ಕೈಕಾಲು ಜೋತುಬಿದ್ದರೆ ಅದು ‘ಅಕ್ಯೂಟ್ ಫ್ಲ್ಯಾಸಿಡ್ ಪ್ಯಾರಾಲಿಸಿಸ್’. ಪೋಲಿಯೊದಲ್ಲೂ ಹೀಗೇ ಆಗುತ್ತದೆ. ಭಾರತ ಪೋಲಿಯೊ ಮುಕ್ತ ಅಂತ 2014ರಲ್ಲಿ ಪ್ರಮಾಣಪತ್ರ ಸಿಕ್ಕಿದ್ದರೂ ಇಂಥ ಒಂದೊಂದು ಮಗುವನ್ನೂ ಇವತ್ತಿಗೂ ಕೂಡಲೇ ವರದಿ ಮಾಡಲೇಬೇಕು. ಕಾಲು ಬಿದ್ದ ದಿನದಿಂದ 14 ದಿನದೊಳಗೆ ಎರಡು ಸಲ ಮಲದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು. ಹುಟ್ಟಿದಾಗಿನಿಂದ ಇರುವ ಹಳೇ ಬಲಹೀನತೆ ಆಗಿದ್ದರೆ ದಾರಿಯೇ ಬೇರೆ.

ಅವಳು ‘ಕಾಲು ದುರ್ಬಲ’ ಅನ್ನುವುದರ ಪಕ್ಕ ಸೋಮವಾರದ ತಾರೀಖು ಬರೆದಳು, ಅದರ ಮುಂದೆ ‘ಅಕ್ಯೂಟ್’ ಅಂತ ಸೇರಿಸಿ ಡಾಕ್ಟರಿಗೆ ಫೋನ್ ಹಚ್ಚಿದಳು. ಮೊದಲ ಮಾದರಿ ಅವತ್ತು ಸಂಜೆಯೇ ಐಸ್ ಡಬ್ಬಿಯಲ್ಲಿ ಹೋಯಿತು. ಎರಡನೆಯದಕ್ಕೆ 24 ಗಂಟೆ ಬಿಡಬೇಕು, ಮರುದಿನ ರಾತ್ರಿ ತೆಗೆದೆವು.